ಕತ್ತಲ ಕೋಟೆಯ ಕಥೆಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು

ನಮ್ಮ ತರಗತಿಯ ಗೋಡೆ ಮೇಲೆ ಕುವೆಂಪು, ಬೇಂದ್ರೆ, ಮಾಸ್ತಿ, ಕಾರಂತರ ಚಿತ್ರಗಳಿವೆ. ಬಿ. ವೆಂಕಟಾಚಾರ್ಯರ ಚಿತ್ರ ಇಲ್ಲ. ಆದರೆ ಈ ನಾಲ್ವರಲ್ಲಿ ಒಬ್ಬರೂ ಇನ್ನೂ ಹುಟ್ಟಿರದ ಕಾಲದಲ್ಲೇ ಮೈಸೂರು ಸೀಮೆಯ ಜನರಿಗೆ ಕಾದಂಬರಿಯ ರುಚಿ ಹತ್ತಿಸಿದವರು ಈ ವೆಂಕಟಾಚಾರ್ಯರು. ಬಿರುಗಾಳಿ, ಕಾರ್ಗತ್ತಲೆ, ಒಂಟಿ ಗುಡಿ, ಕೋಟೆಯ ಕಳ್ಳಬಾಗಿಲು, ಮುಸುಕು ಹಾಕಿದ ಹೆಂಗಸರು, ಕೊನೆಯವರೆಗೂ ಬಯಲಾಗದ ಗುಟ್ಟು, ಇವೆಲ್ಲ ಇರುವ ಕಥೆಗಳನ್ನು ಅವರು ಬಂಗಾಳಿಯಿಂದ ಕನ್ನಡಕ್ಕೆ ತಂದರು. ಈ ಸಲದ ಜೀವನ ಚರಿತ್ರೆ ಅವರದು.

ಅವರು ಹುಟ್ಟಿದ್ದು 1845ರಲ್ಲಿ. ಹೆಸರಿನ ಮುಂದಿರುವ ಬಿ ಅಂದರೆ ಬಿಂಡಿಗನವಿಲೆ. ಅದು ನಾಗಮಂಗಲ ತಾಲ್ಲೂಕಿನ ಊರು. ಮಾಗಡಿ ಕಡೆಯವರಿಗೆ ದಾರಿ ಗೊತ್ತಿರುತ್ತೆ, ಕುಣಿಗಲ್ ದಾಟಿ ಮುಂದೆ ಹೋದರೆ ಆ ತಾಲ್ಲೂಕು ಸಿಗುತ್ತದೆ. ಆಗ ಮೈಸೂರು ಸಂಸ್ಥಾನ ಮಹಾರಾಜರ ಕೈಯಲ್ಲಿ ಇರಲಿಲ್ಲ. 1831ರಿಂದ 1881ರವರೆಗೆ ಐವತ್ತು ವರ್ಷ ಇಂಗ್ಲಿಷ್ ಕಮಿಷನರುಗಳೇ ಆಳಿದರು. ನಮ್ಮ ರಾಮನಗರಕ್ಕೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ವೆಂಕಟಾಚಾರ್ಯರು ದೊಡ್ಡವರಾಗಿ ಸರ್ಕಾರಿ ಕೆಲಸಕ್ಕೆ ಸೇರಿದರು. ಬರವಣಿಗೆ ಅವರ ಹೊಟ್ಟೆಪಾಡಲ್ಲ, ಕೆಲಸ ಮುಗಿದ ಮೇಲಿನ ಹೊತ್ತಿನದು.

ಆ ಕಾಲದ ಕನ್ನಡದಲ್ಲಿ ಓದೋಕೆ ಏನಿತ್ತು ಅಂತ ನೋಡಿ. ಪಂಪ, ಕುಮಾರವ್ಯಾಸರ ಕಾವ್ಯಗಳಿದ್ದವು. ವಚನ, ದಾಸರ ಪದ, ಯಕ್ಷಗಾನ ಇದ್ದವು. ಆದರೆ ಒಬ್ಬನೇ ಮೂಲೆಯಲ್ಲಿ ಕೂತು, ರಾಗ ಹಾಡದೆ, ಯಾರೂ ಅರ್ಥ ಹೇಳದೆ, ಊಟದ ಹೊತ್ತು ಮೀರಿದರೂ ಕೆಳಗಿಡದೆ ಓದುವಂಥ ಗದ್ಯದ ಕಥೆ ತೀರಾ ಕಡಿಮೆ. 1823ರಲ್ಲಿ ಕೆಂಪುನಾರಾಯಣ ಎಂಬುವರು ಮುದ್ರಾಮಂಜೂಷ ಬರೆದಿದ್ದರು. ಅದರಲ್ಲಿ ಚಾಣಕ್ಯನ ತಂತ್ರ, ಗೂಢಚಾರರು ಎಲ್ಲ ಬರುತ್ತಾರೆ. ಅಂಥವು ಬೆರಳಲ್ಲಿ ಎಣಿಸುವಷ್ಟು.

ಬಂಗಾಳದಲ್ಲಿ ಹಾಗಿರಲಿಲ್ಲ. ಅಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಗದ್ಯಕ್ಕೆ ಒಂದು ನಡಿಗೆ ಕಲಿಸಿದ್ದರು. ನಾವು ಪರೀಕ್ಷೆಯಲ್ಲಿ ಮರೆಯುವ ಅಲ್ಪವಿರಾಮ ಇದೆಯಲ್ಲ, ಅಂಥ ಚಿಹ್ನೆಗಳನ್ನು ಬಂಗಾಳಿ ಬರವಣಿಗೆಯಲ್ಲಿ ಸರಿಯಾಗಿ ರೂಢಿಗೆ ತಂದವರು ಅವರೇ. ಮಕ್ಕಳಿಗೆ 1855ರಲ್ಲಿ ವರ್ಣಪರಿಚಯ ಎಂಬ ಅಕ್ಷರ ಪುಸ್ತಕ ಬರೆದರು. ವೆಂಕಟಾಚಾರ್ಯರಿಗೆ ಆ ಭಾಷೆ ಕಲಿಯಬೇಕು ಅನ್ನಿಸಿತು. ಆದರೆ ಬಂಗಾಳಿ ನಮ್ಮ ಸಂತೆಬೀದಿಯಲ್ಲಿ ಕಿವಿಗೆ ಬೀಳುವ ಭಾಷೆ ಅಲ್ಲ. ಲಿಪಿಯೂ ಬೇರೆ. ತೆಲುಗಾದರೆ ಅಕ್ಷರ ಅರ್ಧಕ್ಕರ್ಧ ಗೊತ್ತಾಗುತ್ತೆ, ಬಂಗಾಳಿಯಲ್ಲಿ ಒಂದೂ ಗೊತ್ತಾಗಲ್ಲ. ಅವರು ಏನು ಮಾಡಿದರು ಗೊತ್ತಾ? ಸ್ವಂತ ಪ್ರಯತ್ನದಿಂದಲೇ ಕಲಿಯೋಕೆ ಕೂತರು, ಮತ್ತು ವಿದ್ಯಾಸಾಗರರ ಜೊತೆಗೇ ಪತ್ರವ್ಯವಹಾರ ಇಟ್ಟುಕೊಂಡರು. ಇವರು ಮೈಸೂರು ಸೀಮೆಯಲ್ಲಿ, ಅವರು ಕಲ್ಕತ್ತೆಯಲ್ಲಿ. ನಡುವೆ ಟಪಾಲು. ಅಷ್ಟು ದೊಡ್ಡವರಿಗೆ ಕಾಗದ ಬರೆಯೋಕೆ ಎಷ್ಟು ಧೈರ್ಯ ಬೇಕು! ನಾವು ಪಕ್ಕದ ತರಗತಿಯ ಮೇಷ್ಟ್ರನ್ನು ಒಂದು ಡೌಟು ಕೇಳೋಕೆ ಬಾಗಿಲಲ್ಲಿ ಮೂರು ಸಲ ಇಣುಕಿ ವಾಪಸ್ ಬರ್ತೀವಿ.

ಮೊದಲು ಅವರು ಕನ್ನಡಕ್ಕೆ ತಂದದ್ದು ವಿದ್ಯಾಸಾಗರರ ಭ್ರಾಂತಿವಿಲಾಸವನ್ನೇ, 1876ರಲ್ಲಿ. ಒಂದೇ ಥರ ಇರುವ ಅವಳಿ ಯಜಮಾನರು, ಒಂದೇ ಥರ ಇರುವ ಅವಳಿ ಆಳುಗಳು, ಯಾರು ಯಾರೆಂದು ತಿಳಿಯದೆ ಊರೆಲ್ಲ ಗೊಂದಲ. ಈ ಕಥೆ ವಿದ್ಯಾಸಾಗರರದೂ ಅಲ್ಲ. ಅವರು ಶೇಕ್ಸ್‌ಪಿಯರನ ನಾಟಕದಿಂದ ತೆಗೆದುಕೊಂಡರು. ಶೇಕ್ಸ್‌ಪಿಯರ್ ಅದನ್ನು ರೋಮಿನ ಪ್ಲಾಟಸ್ ಎಂಬ ಹಳೇ ನಾಟಕಕಾರನಿಂದ ತೆಗೆದುಕೊಂಡಿದ್ದ. ಲ್ಯಾಟಿನ್, ಇಂಗ್ಲಿಷ್, ಬಂಗಾಳಿ, ಕನ್ನಡ, ಹೀಗೆ ನಾಲ್ಕು ಊರು ಸುತ್ತಿದ ಕಥೆ ಅದು.

ಅದೇ 1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ ಅಂತ ಹೇಳ್ತಾರಲ್ಲ, ಅದು ಶುರುವಾಯಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕಿಂತ ಹೆಚ್ಚು ಜನ ಇದ್ದರು. ಹತ್ತು ವರ್ಷ ಆದ ಮೇಲೆ ಎಣಿಸಿದಾಗ 42 ಲಕ್ಷವೂ ಇರಲಿಲ್ಲ. ಹಸಿದವರಿಗೆ ಕೂಲಿ ಕೊಡಲು ನಡೆಸಿದ ಕಾಮಗಾರಿಗಳಲ್ಲಿ ಬೆಂಗಳೂರು ಮೈಸೂರು ರೈಲು ದಾರಿಯೂ ಒಂದು. 1882ರಲ್ಲಿ ರೈಲು ಮೈಸೂರು ಮುಟ್ಟಿತು. ರಾಮನಗರ, ಚನ್ನಪಟ್ಟಣದ ಮೇಲೆ ಈಗಲೂ ಹೋಗುವ ದಾರಿ ಅದೇ. ಬರದ ವಿಷಯ ಯಾಕೆ ಹೇಳಿದೆ ಅಂದರೆ, ಮುಂದೆ ಒಂದು ಕಾದಂಬರಿಯ ಮಾತು ಬರುವಾಗ ಇದು ಬೇಕಾಗುತ್ತೆ.

ಈಗ ಬಂಕಿಮಚಂದ್ರ ಚಟ್ಟೋಪಾಧ್ಯಾಯರ ವಿಷಯ. ಅವರು ಬಂಗಾಳದ ದೊಡ್ಡ ಕಾದಂಬರಿಕಾರರು. 1838ರಲ್ಲಿ ಹುಟ್ಟಿ 1894ರಲ್ಲಿ ತೀರಿಕೊಂಡರು. ಅವರೂ ಸರ್ಕಾರಿ ನೌಕರರು, ಡೆಪ್ಯೂಟಿ ಮ್ಯಾಜಿಸ್ಟ್ರೇಟ್. ಮೊದಲು ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದು, ಆಮೇಲೆ ತಮ್ಮ ಭಾಷೆಗೇ ಹಿಂತಿರುಗಿ, 1865ರಲ್ಲಿ ದುರ್ಗೇಶನಂದಿನಿ ಪ್ರಕಟಿಸಿದರು. ಹೆಸರಿನ ಅರ್ಥ ಕೋಟೆಯ ಒಡೆಯನ ಮಗಳು ಅಂತ. ಇದನ್ನೇ ವೆಂಕಟಾಚಾರ್ಯರು 1885ರಲ್ಲಿ ಕನ್ನಡದಲ್ಲಿ ಕೊಟ್ಟರು.

ಕಥೆ ಸ್ವಲ್ಪ ಹೇಳಲೇಬೇಕು. ಅಕ್ಬರನ ಕಾಲ. ಜಗತ್‌ಸಿಂಹ ಎಂಬ ರಾಜಕುಮಾರ ಒಬ್ಬನೇ ಕುದುರೆ ಮೇಲೆ ಬಯಲಲ್ಲಿ ಹೋಗುತ್ತಿದ್ದಾನೆ. ಸಂಜೆಯಾಗಿದೆ. ಇದ್ದಕ್ಕಿದ್ದ ಹಾಗೆ ಬಿರುಗಾಳಿ ಎದ್ದು ದಾರಿಯೇ ಕಾಣದಷ್ಟು ಕತ್ತಲೆ. ಮಿಂಚು ಹೊಳೆದಾಗ ಒಂದು ಶಿವನ ಗುಡಿ ಕಾಣಿಸುತ್ತದೆ. ಬಾಗಿಲು ಒಳಗಿನಿಂದ ಹಾಕಿದೆ. ಅವನು ಬಲವಾಗಿ ನೂಕಿ ಒಳಗೆ ಹೋಗುವಷ್ಟರಲ್ಲಿ ಗಾಳಿಗೆ ದೀಪ ಆರಿಹೋಗುತ್ತದೆ. ಕತ್ತಲಲ್ಲಿ ಇಬ್ಬರು ಹೆಂಗಸರಿದ್ದಾರೆ. ಯಾರು ಅಂದರೆ ಹೇಳುವುದಿಲ್ಲ. ಹದಿನೈದು ದಿನ ಬಿಟ್ಟು ಇದೇ ಗುಡಿಗೆ ಬಂದರೆ ತಿಳಿಯುತ್ತದೆ ಎನ್ನುತ್ತಾರೆ. ಆ ಹದಿನೈದು ದಿನವನ್ನು ರಾಜಕುಮಾರ ಹೇಗೆ ಕಳೆದನೋ, ಓದುವವರಂತೂ ಹಾಳೆ ಮಗುಚದೆ ಇರೋಕಾಗಲ್ಲ.

ಆಮೇಲೆ ಒಂದು ರಾತ್ರಿ ವಿಮಲೆ ಎಂಬುವಳು ಅವನನ್ನು ಗುಟ್ಟಾಗಿ ಮಂದಾರಣದ ಕೋಟೆಯೊಳಗೆ ಕರೆದುಕೊಂಡು ಹೋಗುತ್ತಾಳೆ. ದಾರಿಯ ಮಾವಿನ ತೋಪಿನಲ್ಲಿ ಯಾರೋ ಹಿಂದೆ ಬರುತ್ತಿರುವ ಹಾಗೆ ಸದ್ದು. ಅವರು ಪ್ರೀತಿಯ ಗುಟ್ಟಿಗೆ ಬಳಸಿದ ದಾರಿಯಲ್ಲೇ ಶತ್ರುಗಳೂ ಒಳಗೆ ನುಗ್ಗುತ್ತಾರೆ. ಕೋಟೆ ಬೀಳುತ್ತದೆ. ಇನ್ನು ಆಯೇಷಾ ಎಂಬ ನವಾಬನ ಮಗಳು ಬರುತ್ತಾಳೆ. ಶತ್ರುವಿನ ಮಗಳಾದರೂ ಗಾಯಗೊಂಡ ರಾಜಕುಮಾರನಿಗೆ ಹಗಲೂ ರಾತ್ರಿ ಶುಶ್ರೂಷೆ ಮಾಡುತ್ತಾಳೆ. ನನಗೆ ಇಡೀ ಕಥೆಯಲ್ಲಿ ಇಷ್ಟವಾದವಳು ಅವಳೇ. ಅವಳ ಹತ್ತಿರ ವಿಷದ ಉಂಗುರ ಒಂದಿದೆ. ಕೊನೆಯಲ್ಲಿ ಅದನ್ನು ಏನು ಮಾಡಿದಳು ಅಂತ ಇಲ್ಲಿ ಬರೆಯಲ್ಲ. ವಿಮಲೆ ನಿಜವಾಗಿ ಯಾರು ಎಂಬುದನ್ನೂ ಬರೆಯಲ್ಲ, ಬರೆದರೆ ಓದುವವರ ಅರ್ಧ ಸಂತೋಷ ಹೋಗುತ್ತದೆ.

ಮಂದಾರಣದ ಕೋಟೆ ಹೇಗಿತ್ತು ಅಂತ ಊಹಿಸೋಕೆ ನಮ್ಮ ತಾಲ್ಲೂಕುಗಳವರು ಕಷ್ಟಪಡಬೇಕಾಗಿಲ್ಲ. ಮಾಗಡಿ ಹತ್ತಿರ ಸಾವನದುರ್ಗ ಇದೆ, ಅದನ್ನು ಸಾವಿನ ದುರ್ಗ ಅಂತಲೂ ಹಿಂದಿನವರು ಕರೆಯುತ್ತಿದ್ದರು. 1791ರ ಡಿಸೆಂಬರಿನಲ್ಲಿ ಅದು ಟಿಪ್ಪುವಿನ ಕೈಯಿಂದ ಇಂಗ್ಲಿಷರ ಕೈಗೆ ಹೋಯಿತು. ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗ ಒಂದು ಕಾಲಕ್ಕೆ ಸೆರೆಮನೆ. ಬೆಟ್ಟದ ಮೇಲೆ ಸಾಯಂಕಾಲ ಗಾಳಿ ಬೀಸುವಾಗ ನಿಂತರೆ ಸಾಕು, ಬಂಕಿಮರ ಮೊದಲನೇ ಅಧ್ಯಾಯ ತಾನಾಗಿ ಕಣ್ಣಿಗೆ ಬರುತ್ತೆ.

ಇಂಥ ಕಥೆಗಳಿಗೆ ಇಂಗ್ಲಿಷಿನಲ್ಲಿ ಗಾಥಿಕ್ ಕಥೆ ಅನ್ನುತ್ತಾರೆ. 1764ರಲ್ಲಿ ಹೊರೇಸ್ ವಾಲ್‌ಪೋಲ್ ಎಂಬುವರು ಆಟ್ರಾಂಟೋ ಎಂಬ ಕೋಟೆಯ ಕಥೆ ಬರೆದು ಇದನ್ನು ಶುರು ಮಾಡಿದರು. ಅದರಲ್ಲಿ ಮದುವೆಯ ದಿನ ಆಕಾಶದಿಂದ ಬಿದ್ದ ಹಾಗೆ ಒಂದು ದೈತ್ಯ ಶಿರಸ್ತ್ರಾಣ ಬಿದ್ದು ಮದುವೆ ಗಂಡು ಸಾಯುತ್ತಾನೆ. ನಮಗೆ ನಗು ಬರಬಹುದು. ಬಂಕಿಮರ ಕಥೆಯಲ್ಲಿ ಹಾಗೆ ಏನೂ ಬೀಳುವುದಿಲ್ಲ. ದೆವ್ವವೂ ಇಲ್ಲ. ಆದರೂ ಹೆದರಿಕೆ ಆಗುತ್ತೆ. ಕತ್ತಲು, ಸದ್ದು, ಹೇಳದೆ ಉಳಿಸಿದ ಮಾತು, ಇಷ್ಟರಲ್ಲೇ ಹೆದರಿಸುತ್ತಾರೆ.

ಆನಂದಮಠವನ್ನೂ ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ಬಂಗಾಳಿಯಲ್ಲಿ ಅದು ಪುಸ್ತಕವಾದದ್ದು 1882ರಲ್ಲಿ. ವಂದೇ ಮಾತರಂ ಹಾಡು ಇರುವುದು ಅದರಲ್ಲೇ, ಇದು ಎಲ್ಲರಿಗೂ ಗೊತ್ತು. ಆದರೆ ಅದರ ಮೊದಲ ಪುಟಗಳು ಎಷ್ಟು ಭಯಂಕರ ಅಂತ ಕಡಿಮೆ ಜನಕ್ಕೆ ಗೊತ್ತು. 1770ರ ಬಂಗಾಳದ ಬರ. ಊರಿಗೆ ಊರೇ ಖಾಲಿ. ಅಂಗಡಿ ಮುಚ್ಚಿವೆ, ಬೀದಿಯಲ್ಲಿ ನಾಯಿಯೂ ಇಲ್ಲ. ಗಂಡ ಹಾಲು ಹುಡುಕಿಕೊಂಡು ಹೋದಾಗ ಕಲ್ಯಾಣಿ ಎಂಬ ತಾಯಿ ಮಗು ಜೊತೆ ಕತ್ತಲ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಬಾಗಿಲಲ್ಲಿ ನೆರಳಿನ ಹಾಗೆ ಒಂದು ಆಕಾರ ಕಾಣುತ್ತದೆ, ಮೂಳೆ ಚರ್ಮ ಅಷ್ಟೇ. ಅದು ದೆವ್ವ ಅಲ್ಲ, ಹಸಿದ ಮನುಷ್ಯ. ಅವನ ಹಿಂದೆ ಇನ್ನೊಬ್ಬ, ಇನ್ನೊಬ್ಬ. ಅವರು ತಾಯಿ ಮಗುವನ್ನು ಕಾಡಿಗೆ ಎತ್ತಿಕೊಂಡು ಹೋಗುತ್ತಾರೆ. ಮುಂದೆ ಅವರು ಮನುಷ್ಯರ ಮಾಂಸ ತಿನ್ನುವ ಮಾತಾಡುತ್ತಾರೆ. ಧಾತು ಈಶ್ವರ ಬರವನ್ನು ಕಣ್ಣಾರೆ ಕಂಡು ಬದುಕಿ ಉಳಿದ ಮೈಸೂರಿನವರು ಇದನ್ನು ಕನ್ನಡದಲ್ಲಿ ಓದಿದಾಗ ಅವರಿಗೆ ಬಂಗಾಳದ ಕಥೆ ಅಂತ ಅನ್ನಿಸಿರಲಿಕ್ಕಿಲ್ಲ. ನಮ್ಮೂರ ಕಥೆ ಅಂತಲೇ ಅನ್ನಿಸಿರಬೇಕು. ಹಸಿವು ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತೆ.

ಇವಲ್ಲದೆ ವಿಷವೃಕ್ಷ, ದೇವೀ ಚೌಧುರಾಣಿ ಮುಂತಾದ ಬಹಳ ಕಾದಂಬರಿಗಳನ್ನು ಅವರು ಕನ್ನಡ ಮಾಡಿದರು. ಅವಕಾಶತೋಷಿಣಿ ಎಂಬ ಪತ್ರಿಕೆಯನ್ನೂ ನಡೆಸಿದರು. ಬಿಡುವಿನ ಹೊತ್ತಿಗೆ ಸಂತೋಷ ಕೊಡುವಂಥದ್ದು ಅಂತ ಆ ಹೆಸರಿನ ಅರ್ಥ. ಓದುವುದು ಪುಣ್ಯಕ್ಕೆ, ಪರೀಕ್ಷೆಗೆ ಮಾತ್ರ ಅಲ್ಲ, ಸಂತೋಷಕ್ಕೂ ಅಂತ ಪತ್ರಿಕೆಯ ಹೆಸರಲ್ಲೇ ಬರೆದುಬಿಟ್ಟಿದ್ದಾರೆ.

ಈಗ ನನಗೆ ಬಹಳ ಸೋಜಿಗವಾದ ಒಂದು ವಿಷಯ. ಬಂಗಾಳಿಯಲ್ಲಿ ಅವನು, ಅವಳು ಅಂತ ಬೇರೆ ಬೇರೆ ಪದ ಇಲ್ಲ. ಇಬ್ಬರಿಗೂ ಒಂದೇ ಪದ. ಕ್ರಿಯಾಪದವೂ ಗಂಡಸಿಗೂ ಹೆಂಗಸಿಗೂ ಒಂದೇ. ಆದ್ದರಿಂದ ಬಂಗಾಳಿಯಲ್ಲಿ ಕತ್ತಲಲ್ಲಿ ಒಬ್ಬರು ಬಂದು ನಿಂತರು ಅಂತ ಬರೆದರೆ, ಬಂದದ್ದು ಗಂಡೋ ಹೆಣ್ಣೋ ಓದುವವನಿಗೆ ತಿಳಿಯಲ್ಲ. ಲೇಖಕ ಬೇಕಾದಷ್ಟು ಹೊತ್ತು ಗುಟ್ಟು ಇಟ್ಟುಕೊಳ್ಳಬಹುದು. ಕನ್ನಡದಲ್ಲಿ ಬಂದನು ಅಂದರೆ ಗುಟ್ಟು ಹೋಯಿತು, ಬಂದಳು ಅಂದರೂ ಹೋಯಿತು. ನಮ್ಮ ವ್ಯಾಕರಣ ಪುಸ್ತಕದ ಲಿಂಗ, ವಚನ ಎಲ್ಲ ಸೇರಿ ಕಥೆಯ ಗುಟ್ಟನ್ನು ಬಯಲು ಮಾಡಿಬಿಡುತ್ತವೆ! ವೆಂಕಟಾಚಾರ್ಯರು ಮುಸುಕಿನ ಜನ ಬರುವ ಪ್ರತಿ ಪುಟದಲ್ಲೂ ಇದನ್ನು ಎದುರಿಸಲೇಬೇಕಾಗಿತ್ತು. ಗುಟ್ಟು ಉಳಿಸುವ ದಾರಿಗಳು ಕನ್ನಡದಲ್ಲೂ ಇವೆ. ಯಾರೋ ಬಂದ ಹಾಗಾಯಿತು ಅನ್ನಬಹುದು. ಒಂದು ಆಕಾರ ಕಾಣಿಸಿತು ಅನ್ನಬಹುದು. ಬಳೆ ಸದ್ದಾಯಿತು ಅಂತ ಮಾತ್ರ ಬರೆದು ಸುಮ್ಮನಾಗಬಹುದು. ನಮ್ಮ ಗೋಡೆ ಪತ್ರಿಕೆಯಲ್ಲಿ ಬರುವ ದೆವ್ವದ ಕಥೆಗಳಲ್ಲಿ ಮೊದಲನೇ ಸಾಲಿನಲ್ಲೇ ಮೋಹಿನಿ ಬಂದಳು ಅಂತ ಇರುತ್ತೆ. ಆಮೇಲೆ ಎಷ್ಟು ಸಲ ಭಯವಾಯಿತು ಅಂತ ಬರೆದರೂ ಭಯ ಆಗಲ್ಲ. ಹುಣಸೇಮರದ ಕೆಳಗೆ ಗಾಳಿ ಇಲ್ಲದೆ ಒಂದು ಕೊಂಬೆ ಮಾತ್ರ ಅಲ್ಲಾಡಿತು ಅಂತ ಬರೆದು ನೋಡಿ.

ಇನ್ನೊಂದು ತೊಡಕು ಒಂದೇ ಥರ ಕಾಣುವ ಪದಗಳದು. ಬಂಗಾಳಿಯಲ್ಲೂ ಕನ್ನಡದಲ್ಲೂ ಸಂಸ್ಕೃತದ ಪದಗಳು ಬೇಕಾದಷ್ಟಿವೆ. ಆದರೆ ಅರ್ಥ ಒಂದೇ ಅಲ್ಲ. ನಮಗೆ ರಾಗ ಅಂದರೆ ಹಾಡಿನ ರಾಗ, ಬಂಗಾಳಿಯವರು ದಿನಾ ಮಾತಾಡುವಾಗ ರಾಗ ಅಂದರೆ ಸಿಟ್ಟು. ಉಪನ್ಯಾಸ ಅಂದರೆ ನಮಗೆ ವೇದಿಕೆ ಮೇಲಿನ ಭಾಷಣ, ಅವರಿಗೆ ಕಾದಂಬರಿ. ನಮ್ಮ ಕಾದಂಬರಿ ಅನ್ನುವ ಪದವೇ ಬಾಣಭಟ್ಟನ ಒಂದು ಸಂಸ್ಕೃತ ಕಥೆಯ ಹೆಸರು, ಅದರ ನಾಯಕಿಯ ಹೆಸರು. ಗೊತ್ತಿಲ್ಲದ ಪದ ಬಂದರೆ ನಿಂತು ಕೇಳ್ತೀವಿ. ಗೊತ್ತಿರೋ ಹಾಗೆ ಕಾಣೋ ಪದವೇ ಮೋಸ ಮಾಡೋದು.

ಒಂದು ಮಾತು ಒಪ್ಪಿಕೊಳ್ಳಬೇಕು. ವೆಂಕಟಾಚಾರ್ಯರ ಭಾಷೆ ಇವತ್ತು ಸಲೀಸಲ್ಲ. ಸಂಸ್ಕೃತ ಪದಗಳು ಜಾಸ್ತಿ. ಬಂಗಾಳಿಯಲ್ಲಿದ್ದ ಉದ್ದುದ್ದ ಪದಗಳು ಹಾಗೇ ಕನ್ನಡಕ್ಕೆ ಬಂದು ಕೂತಿವೆ ಅಂತ ವಿದ್ವಾಂಸರೂ ಹೇಳುತ್ತಾರೆ. ನಮ್ಮಜ್ಜಿ ಕಥೆ ಹೇಳುವ ಕನ್ನಡ ಅದರಲ್ಲಿ ಸಿಗಲ್ಲ. ಆದರೆ ಆ ದಿನ ಅವರ ಮುಂದೆ ದಾರಿಯೇ ಇರಲಿಲ್ಲವಲ್ಲ. ಗದ್ಯದಲ್ಲಿ ಬಿರುಗಾಳಿ ಹೇಗೆ ಎಬ್ಬಿಸಬೇಕು, ಅಧ್ಯಾಯವನ್ನು ಎಲ್ಲಿ ನಿಲ್ಲಿಸಿದರೆ ಓದುವವನಿಗೆ ನಿದ್ದೆ ಬರಲ್ಲ, ಇಬ್ಬರು ಮಾತಾಡುತ್ತಾ ಇರುವಾಗಲೇ ಮೂರನೆಯವನ ವಿಷಯ ಹೇಗೆ ತಿಳಿಸಬೇಕು, ಇದೆಲ್ಲ ಕಲಿಯೋಕೆ ಅವರಿಗೆ ಇದ್ದ ಪಾಠಶಾಲೆ ಒಂದೇ. ಒಳ್ಳೇ ಕಥೆಯನ್ನು ಸಾಲು ಸಾಲಾಗಿ ಓದಿ, ಸಾಲು ಸಾಲಾಗಿ ತಮ್ಮ ಭಾಷೆಯಲ್ಲಿ ಬರೆಯುವುದು. ಸುಮ್ಮನೆ ಓದುವಾಗ ಕಷ್ಟದ ಸಾಲು ಹಾರಿಸಬಹುದು. ಅನುವಾದ ಮಾಡುವಾಗ ಒಂದು ಸಾಲೂ ತಪ್ಪಿಸಿಕೊಳ್ಳೋಕಾಗಲ್ಲ. ನಾನು ಪಠ್ಯಪುಸ್ತಕದ ಇಂಗ್ಲಿಷ್ ಪಾಠದ ಎಂಟು ಸಾಲನ್ನು ಹೀಗೆ ಕನ್ನಡ ಮಾಡಿ ನೋಡಿದೆ. ಒಂದು ಸಂಜೆ ಪೂರ್ತಿ ಹಿಡಿಯಿತು. ಅವರು ಮಾಡಿದ್ದು ಪುಸ್ತಕದ ಮೇಲೆ ಪುಸ್ತಕ.

ದೆವ್ವದ ಕಥೆ, ಪತ್ತೇದಾರಿ ಓದಿದರೆ ಮಕ್ಕಳ ಬರವಣಿಗೆ ಕೆಡುತ್ತೆ ಅಂತ ಕೆಲವು ದೊಡ್ಡವರು ಹೇಳುತ್ತಾರೆ. ಸ್ವಂತದ್ದು ಬರೆಯದೆ ಬೇರೆಯವರದನ್ನು ತಂದರೆ ಏನು ದೊಡ್ಡಸ್ತಿಕೆ ಅಂತಲೂ ಹೇಳುವವರಿದ್ದಾರೆ. ನನಗೆ ಎರಡೂ ಸರಿ ಅನ್ನಿಸಲ್ಲ. ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869-1942) ಮರಾಠಿಯಿಂದ ಹೀಗೇ ಕಾದಂಬರಿಗಳನ್ನು ತಂದರು, ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಇವರಿಬ್ಬರಿಂದ ಜನಕ್ಕೆ ಓದುವ ಚಟ ಹತ್ತಿತು. ಚಟ ಹತ್ತಿದವರಲ್ಲೇ ಮುಂದೆ ಬರೆಯುವವರೂ ಹುಟ್ಟಿಕೊಂಡರು.

ವೆಂಕಟಾಚಾರ್ಯರು ಬದುಕಿದ್ದಾಗಲೇ, 1899ರಲ್ಲಿ, ಮಂಗಳೂರಿನ ಕಡೆ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಬಂತು. ಅದು ಯಾವುದರ ಅನುವಾದವೂ ಅಲ್ಲ, ನಮ್ಮವರದೇ ಕಥೆ. 1914ರಲ್ಲಿ ವೆಂಕಟಾಚಾರ್ಯರು ತೀರಿಕೊಂಡರು. ಆಗ ಅವರಿಗೆ ಅರವತ್ತೊಂಬತ್ತು ವರ್ಷದ ಆಸುಪಾಸು. ಮರುವರ್ಷ 1915ರಲ್ಲಿ ಎಂ. ಎಸ್. ಪುಟ್ಟಣ್ಣನವರ ಮಾಡಿದ್ದುಣ್ಣೋ ಮಹಾರಾಯ ಪ್ರಕಟವಾಯಿತು. ಅದರಲ್ಲಿ ಬಂಗಾಳದ ಕೋಟೆ ಇಲ್ಲ, ಅಕ್ಬರನ ಕಾಲ ಇಲ್ಲ. ಮೈಸೂರು ಸೀಮೆಯ ಹಳ್ಳಿಯವರೇ ಇದ್ದಾರೆ, ಮೈಸೂರು ಸೀಮೆಯ ಮಾತನ್ನೇ ಆಡುತ್ತಾರೆ.